ಬೀಗರಿಗೆ ನೇಪಲ್ಸ್ ತೋರಿಸಿದ ದಿನ

ಬೀಗರ ರೈಲು ಬರುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗಲೇ ಅಸುಂತಾಳ ಫೋನು ಹೊಡೆದುಕೊಂಡಿತು. ಅವಳು ಸ್ಟೇಷನ್ನಿನ ಎದುರಿನ ಕಾಫಿ ಅಂಗಡಿಯಲ್ಲಿ ನಿಂತು, ಪುಟ್ಟ ಕಪ್ಪನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡು ಬಿಸಿ ಮಾಡಿಕೊಳ್ಳುತ್ತಿದ್ದಳು. ಜನವರಿಯ ಉತ್ತರದ ಗಾಳಿ ಬಾಗಿಲು ತೆರೆದಾಗಲೆಲ್ಲ ಒಳಗೆ ನುಗ್ಗಿ ಕಾಲು ಕಚ್ಚುತ್ತಿತ್ತು. ಫೋನಿನ ಮೇಲೆ ಮಗ ಕಾರ್ಮಿನೆಯ ಹೆಸರು ಕಂಡು ಅವಳ ಮುಖ ಅರಳಿತು.

"ಏನೋ, ಇಷ್ಟು ಬೇಗ ಎದ್ದಿದ್ದೀಯ? ಮದುಮಗನಿಗೆ ನಿದ್ದೆ ಬರ್ಲಿಲ್ವಾ?"



"ಅಮ್ಮಾ, ನಾನಿವತ್ತು ಬರಲ್ಲ."

"ಯಾಕೆ, ರಜಾ ಕೊಡ್ಲಿಲ್ವಾ?"

"ರಜಾ ಅಲ್ಲಮ್ಮ. ಮದುವೆ ಬೇಡ ಅಂದ್ಬಿಟ್ಟೆ. ನಿನ್ನೆ ರಾತ್ರಿ ಓರ್ನೆಲಾಗೆ ಹೇಳ್ಬಿಟ್ಟೆ."

ಅಸುಂತಾ ಕಪ್ಪನ್ನು ಕಟ್ಟೆಯ ಮೇಲಿಟ್ಟಳು. "ಕುಡಿದಿದ್ದೀಯಾ?"

"ಇಲ್ಲ."

"ಅವಳಪ್ಪ ಅಮ್ಮ ಈಗ ರೈಲಿನಲ್ಲಿದ್ದಾರಲ್ಲೋ! ನಾನು ಸ್ಟೇಷನ್ ಮುಂದೆ ನಿಂತಿದ್ದೀನಿ."

"ಗೊತ್ತಮ್ಮ. ಓರ್ನೆಲಾ ಸಾಯಂಕಾಲದ ರೈಲಿಗೆ ಒಬ್ಬಳೇ ಬರ್ತಾಳೆ. ಅಪ್ಪನ ಎದುರಿಗೆ ಕೂತು ತಾನೇ ಹೇಳ್ಬೇಕಂತೆ. ಅಲ್ಲೀತನಕ ನೀನು ಬಾಯಿ ಬಿಡಬಾರ್ದಂತೆ. ಬೇಡ್ಕೊಂಡು ಹೇಳಿದ್ದಾಳೆ."

"ದಿನವಿಡೀ ಅವರನ್ನಿಟ್ಕೊಂಡು ನಾನೇನು ಮಾಡ್ಲಿ?"

"ಊರು ತೋರ್ಸು. ಹೇಗೂ ತೋರಿಸ್ತೀನಿ ಅಂದಿದ್ಯಲ್ಲ."

"ಹುಡುಗಿ ಏನು ತಪ್ಪು ಮಾಡಿದ್ಲು, ಅದನ್ನಾದ್ರೂ ಹೇಳು."

"ಅವಳೇನೂ ಮಾಡಿಲ್ಲಮ್ಮ. ಆ ಮನೆ... ಆಮೇಲೆ ಹೇಳ್ತೀನಿ." ಫೋನು ಕಟ್ಟಾಯಿತು.

ಕಾರ್ಮಿನೆ ಉತ್ತರದ ಟ್ಯೂರಿನ್ನಿನಲ್ಲಿ ಬಸ್ಸು ರಿಪೇರಿ ಮಾಡುತ್ತಿದ್ದ. ಓರ್ನೆಲಾ ಅದೇ ಊರಿನಲ್ಲಿ ಹಲ್ಲಿನ ಡಾಕ್ಟರೊಬ್ಬರ ಹತ್ತಿರ ಕೆಲಸಕ್ಕಿದ್ದಳು. ಅವಳ ತಂದೆ ತಾಯಿಯದು ಇನ್ನೂ ಮೇಲೆ, ಬೆಟ್ಟದ ಕಣಿವೆಯ ಒಂದು ಹಳ್ಳಿ. ಆ ದಿನ ರಾತ್ರಿ ಎಲ್ಲರೂ ಅಸುಂತಾಳ ಮನೆಯಲ್ಲಿ ಊಟಕ್ಕೆ ಕೂಡಬೇಕು, ಮಾರನೆಯ ದಿನ ಪಾದ್ರಿಯನ್ನು ಕಂಡು ಮದುವೆಯ ದಿನ ಗೊತ್ತುಮಾಡಬೇಕು ಎಂದು ಮಾತಾಗಿತ್ತು. ಹುಡುಗ ಹುಡುಗಿ ಕೆಲಸ ಮುಗಿಸಿ ಸಂಜೆಗೆ ಬರುವವರು. ಹುಡುಗಿಯ ಅಪ್ಪನಿಗೆ ಊರು ನೋಡುವ ಆಸೆ, ಅದಕ್ಕೆ ಹೆಂಡತಿಯನ್ನು ಕರೆದುಕೊಂಡು ರಾತ್ರಿ ರೈಲಿಗೇ ಹೊರಟಿದ್ದ.

ಈ ಸಂಬಂಧ ಅಸುಂತಾಳಿಗೆ ಹಿಡಿಸಿರಲಿಲ್ಲ. ಗಂಡ ಹೋದ ಮೇಲೆ ಮನೆಯಲ್ಲೇ ಕೂತು ಚರ್ಮದ ಕೈಗವಸು ಹೊಲಿದು ಮಗನನ್ನು ದೊಡ್ಡವನನ್ನು ಮಾಡಿದವಳು ಅವಳು. ಪ್ರತಿ ಭಾನುವಾರ ಫೋನಿನಲ್ಲಿ, "ಹೋಗು, ಅವರ ಮನೆಯಾಳಾಗಿರು, ನಮ್ಮ ದಕ್ಷಿಣದವರ ಮಾತು ಕೇಳಿದ್ರೆ ಮೂಗು ಮುರಿಯೋ ಜನ ಅವರು" ಎಂದು ಮಗನನ್ನು ಚುಚ್ಚುತ್ತಲೇ ಇದ್ದಳು. ಈಗ ತಾನು ಬಯಸಿದ್ದೇ ಆಗಿತ್ತು. ಆದರೂ ಅವಳು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಸ್ಟೇಷನ್ನಿನೊಳಕ್ಕೆ ನಡೆದಳು.

ರೈಲು ಬಂತು. ಬಾತ್ತಿಸ್ತಾ ಇಳಿದ. ಬಾಗಿಲು ಕಿಟಕಿ ಮಾಡುವ ಬಡಗಿ, ಅಗಲ ಭುಜದ ಆಳು. ಅವನ ಹಿಂದೆ ಅವನ ಹೆಂಡತಿ ಎರ್ಮಿನಿಯಾ, ಸಣ್ಣಗೆ ಒಣಗಿದ ಹೆಂಗಸು, ರಾತ್ರಿಯಿಡೀ ನಿದ್ದೆಯಿಲ್ಲದ ಕಣ್ಣು. ಬಾತ್ತಿಸ್ತಾ ಅಸುಂತಾಳ ಎರಡೂ ಕೆನ್ನೆಗೆ ಮುತ್ತಿಟ್ಟು, "ಬೀಗಿತ್ತಿಯವರೇ, ರೋಮ್ ದಾಟಿ ಕೆಳಗೆ ಬಂದಿದ್ದು ನನ್ನ ಜನ್ಮದಲ್ಲೇ ಮೊದಲು. ಇವತ್ತು ನೀವು ಎಲ್ಲಿ ಎಳೆದ್ರೆ ಅಲ್ಲಿ ಬರ್ತೀನಿ" ಎಂದ.

ಎರ್ಮಿನಿಯಾ ಅಸುಂತಾಳ ಕೈ ಹಿಡಿದುಕೊಂಡಳು. ಬಿಡಲು ಮರೆತವಳಂತೆ ಬಹಳ ಹೊತ್ತು ಹಿಡಿದೇ ಇದ್ದಳು. "ಚಳಿಯಲ್ಲಿ ಯಾಕೆ ಬಂದ್ರಿ? ನಾವೇ ಮನೆ ಹುಡುಕ್ಕೊಂಡು ಬರ್ತಿದ್ವಲ್ಲ" ಎಂದು ಮೆತ್ತಗೆ ಹೇಳಿದಳು. ಆ ಮೆತ್ತನೆಯ ದನಿ ಅಸುಂತಾಳಿಗೆ ಮುಳ್ಳಿನಂತೆ ಚುಚ್ಚಿತು. ಬಿಗುಮಾನದ ಹೆಂಗಸಾಗಿದ್ದರೆ ಈ ದಿನ ಕಳೆಯುವುದು ಸುಲಭವಾಗುತ್ತಿತ್ತು.

ಮೊದಲು ದೊಡ್ಡ ಚರ್ಚಿಗೆ ಹೋದರು. ಊರು ಕಾಯುವ ಸಂತ ಜೆನ್ನಾರೋನ ಹೆಪ್ಪುಗಟ್ಟಿದ ರಕ್ತವನ್ನು ಸೀಸೆಯಲ್ಲಿಟ್ಟ ಗುಡಿಯ ಮುಂದೆ ಬಾತ್ತಿಸ್ತಾ ಟೋಪಿ ತೆಗೆದು ನಿಂತ.

"ಹೆಪ್ಪುಗಟ್ಟಿದ್ದು ನಿಜವಾಗಿಯೂ ಕರಗುತ್ತಾ?"

"ಹಬ್ಬದ ದಿನ ಕರಗುತ್ತೆ. ತಡವಾದ್ರೆ ನಮ್ಮ ಮುದುಕಿಯರು ಮುಂದಿನ ಸಾಲಲ್ಲಿ ಕೂತು, ಚಿನ್ನದ ಮೂರ್ತಿ ನೋಡ್ಕೊಂಡು ಸಂತನಿಗೇ ಬೈತಾರೆ. ‘ಏ ಹಳದಿ ಮುಸುಡಿಯವನೇ, ಇನ್ನೆಷ್ಟು ಹೊತ್ತೋ?’ ಅಂತ."

"ಸಂತನಿಗೆ!" ಬಾತ್ತಿಸ್ತಾ ಚರ್ಚಿನೊಳಗೇ ಗಹಗಹಿಸಿ ನಕ್ಕುಬಿಟ್ಟ. ಯಾರೋ ತಿರುಗಿ ನೋಡಿದರು. "ನಮ್ಮ ಕಡೆ ಸಂತರಿಗಿರಲಿ, ಪೋಸ್ಟ್‌ಮ್ಯಾನ್‌ಗೂ ಬೈಯೋದಿಲ್ಲ."

"ಮನೇಲಿ ತಿಂಗಳಿಗೆ ನಾಲ್ಕು ಮಾತಾಡೋನು," ಎಂದಳು ಎರ್ಮಿನಿಯಾ. "ರೈಲು ಹತ್ತಿದಾಗಿನಿಂದ ಬಾಯಿ ಮುಚ್ಚಿಲ್ಲ." ಅವಳು ನಗಲಿಲ್ಲ.

ಅಲ್ಲಿಂದ ಗೊಂಬೆ ಮಾಡುವವರ ಗಲ್ಲಿ. ಕ್ರಿಸ್ಮಸ್ ಮುಗಿದಿದ್ದರೂ ಅಂಗಡಿಗಳ ಮುಂದೆ, ಯೇಸು ಹುಟ್ಟಿದ ಗೋದಲಿಯ ಸುತ್ತ ಇಡುವ ಕುರುಬರ, ಮೀನು ಮಾರುವವರ, ದೇವದೂತರ ಗೊಂಬೆಗಳು ರಾಶಿ ಬಿದ್ದಿದ್ದವು. ಬಾತ್ತಿಸ್ತಾ ಬೆಂಡಿನಲ್ಲಿ ಮಾಡಿದ ಒಂದು ಪುಟ್ಟ ಮನೆಯನ್ನೆತ್ತಿ ಅದರ ಬಾಗಿಲನ್ನು ಉಗುರಿನಿಂದ ತೆರೆದು ಮುಚ್ಚಿ ನೋಡಿದ.

"ಕೀಲು ತಪ್ಪಾಗಿ ಕೂರಿಸಿದ್ದೀರಿ," ಎಂದ ಅಂಗಡಿಯವನಿಗೆ.

"ಸ್ವಾಮಿ, ಇದರಲ್ಲಿ ವಾಸ ಇರೋದು ಇರುವೆ. ಅದಕ್ಕೆ ಪರವಾಗಿಲ್ಲ ಅಂದಿದೆ," ಎಂದ ಅಂಗಡಿಯವನು.

ಬಾತ್ತಿಸ್ತಾ ಇನ್ನೊಮ್ಮೆ ನಕ್ಕು ಅದನ್ನು ಕೊಂಡ. "ಮದುಮಕ್ಕಳ ಮೊದಲ ಕ್ರಿಸ್ಮಸ್ಸಿಗೆ ಇರಲಿ. ಕೀಲು ನಾನೇ ಸರಿಮಾಡ್ತೀನಿ." ಆ ಹೊತ್ತಿನಲ್ಲಿ ಎರ್ಮಿನಿಯಾ ಬೇರೆ ಕಡೆ ತಿರುಗಿ ನಿಂತಿದ್ದಳು. ಅಸುಂತಾ ಸಹ ತಿರುಗಿದಳು. ಇಬ್ಬರ ಕಣ್ಣೂ ಒಂದು ಕ್ಷಣ ಕೂಡಿ ಥಟ್ಟನೆ ಬೇರೆಯಾದವು. ಪಾಪ, ಹೆಂಗಸಿಗೆ ದಣಿವು ಎಂದುಕೊಂಡಳು ಅಸುಂತಾ.

ನಡುವೆ ಬಾತ್ತಿಸ್ತಾ ಎರಡು ಸಲ ಕಾರ್ಮಿನೆಗೆ ಫೋನು ಮಾಡಿದ. ಅವನು ಎತ್ತಲಿಲ್ಲ. "ಕೆಲಸದಲ್ಲಿರ್ತಾನೆ, ಕೈಯೆಲ್ಲ ಗ್ರೀಸಿರುತ್ತೆ" ಎಂದು ಅಸುಂತಾ ತಾನಾಗಿಯೇ ಸಮಜಾಯಿಷಿ ಹೇಳಿದಳು.

ಮಧ್ಯಾಹ್ನದ ಊಟಕ್ಕೆ ಅವಳು ಅವರನ್ನು ಕರೆದುಕೊಂಡು ಹೋದದ್ದು ತನ್ನ ಸಾನಿತಾ ಕೇರಿಯ ವಿತ್ತೋರಿಯಾಳ ಊಟದ ಮನೆಗೆ. ನಾಲ್ಕೈದು ಉದ್ದ ಮೇಜು, ಮೇಲೆ ಹಾಸಿದ ಒರಟು ಕಾಗದ, ಗಾರೆ ಕೆಲಸದವರು, ಆಸ್ಪತ್ರೆಯ ಆಯಾಗಳು, ಪಿಂಚಣಿಯ ಮುದುಕರು ಭುಜಕ್ಕೆ ಭುಜ ತಾಗಿಸಿಕೊಂಡು ಉಣ್ಣುವ ಜಾಗ. ಹೆಚ್ಚು ದುಡ್ಡು ಕೇಳದೆ ಹೊಟ್ಟೆ ತುಂಬಾ ಹಾಕುತ್ತಾರೆ. ಬೇರೆ ಕಡೆ ಹೋಗೋಣವೆಂದು ಅಸುಂತಾ ದಾರಿಯಲ್ಲಿ ಯೋಚಿಸಿದ್ದಳು. ಆದರೆ ವಾರದಿಂದ ವಿತ್ತೋರಿಯಾಳಿಗೆ ಹೇಳಿಟ್ಟಿದ್ದಾಗಿತ್ತು. ಹೋಗದಿದ್ದರೆ ಇಡೀ ಕೇರಿ ಕೇಳುತ್ತಿತ್ತು.

ಬಾಗಿಲು ದಾಟುವ ಮುಂಚೆಯೇ ವಿತ್ತೋರಿಯಾ ಒಲೆಯ ಮುಂದಿನಿಂದ ಕೂಗಿದಳು. "ಬಂದ್ರು! ಬೀಗರು ಬಂದ್ರು! ಏಳ್ರೋ, ಆ ಮೂಲೆ ಬಿಡ್ರೋ, ತಿಂದಾಯ್ತಲ್ಲ, ಇನ್ನೇನು ಮೊಟ್ಟೆ ಇಡ್ತಾ ಕೂತಿದ್ದೀರಾ?"

ಗಾರೆಯವರಿಬ್ಬರು ನಗುತ್ತಾ ಎದ್ದು ಜಾಗ ಬಿಟ್ಟರು.

"ಏನೇನಿದೆ ಅಂತ ಬರೆದ ಕಾಗದ ಕೊಡಿ," ಎಂದ ಬಾತ್ತಿಸ್ತಾ.

"ಯಾವ ಕಾಗದ? ನಾನೇ ಕಾಗದ. ಆಲೂಗಡ್ಡೆ ಹಾಕಿದ ಪಾಸ್ತಾ ಇದೆ, ಹೊಗೆ ಹಾಕಿದ ಚೀಸು ಬೆರೆಸಿದ್ದೀನಿ. ಆಮೇಲೆ ಸಾಸೇಜು, ಕಹಿ ಸೊಪ್ಪು. ಮೂರನೇದು ಏನಂದ್ರೆ, ಮೊದಲನೇದನ್ನೇ ಇನ್ನೊಂದ್ಸಲ ಹಾಕ್ಸಿಕೊಳ್ಳೋದು." ಅವಳು ಅಸುಂತಾಳ ಬೆನ್ನಿಗೆ ಗುದ್ದಿದಳು. "ಇವಳ್ಯಾಕೆ ಹೀಗೆ ಬಿಳಿಚಿಕೊಂಡಿದ್ದಾಳೆ? ಮಗನ ಮದುವೆ ಕಣೇ, ಹೆಣ ಎತ್ತೋದಲ್ಲ!"

ಹೂಜಿಯಲ್ಲಿ ಕೆಂಪು ವೈನು ಬಂತು. ಅದು ತನ್ನ ಲೆಕ್ಕದಲ್ಲಿ ಎಂದಳು ವಿತ್ತೋರಿಯಾ. ಪಕ್ಕದ ಮೇಜಿನವರು ಲೋಟವೆತ್ತಿ "ಮದುಮಕ್ಕಳಿಗೆ!" ಎಂದರು. ಬಾತ್ತಿಸ್ತಾ ಎದ್ದು ನಿಂತು ಎಲ್ಲರ ಲೋಟಕ್ಕೂ ತನ್ನ ಲೋಟ ತಾಗಿಸಿದ. ಗೋಡೆಯಷ್ಟು ಗಟ್ಟಿ ಮುಖದ ಆ ಮನುಷ್ಯನ ಕಿವಿಗಳು ಸಂತೋಷಕ್ಕೆ ಕೆಂಪಾಗಿದ್ದವು.

ಕೂತ ಮೇಲೆ ಅವನು ಫೋನು ತೆಗೆದು ಅಸುಂತಾಳ ಕಡೆ ಸರಿಸಿದ. "ನಿಮಗೆ ಇದನ್ನ ರಾತ್ರಿ ತೋರಿಸೋಣ ಅಂತಿದ್ದೆ. ತಡೀಲಿಕ್ಕಾಗಲಿಲ್ಲ. ನಮ್ಮ ಮನೆ ಮೇಲಿನ ಅಂತಸ್ತು. ಎರಡು ವರ್ಷದಿಂದ ಕಟ್ತಿದ್ದೀನಿ. ಇದು ಮದುಮಕ್ಕಳು ಮಲಗೋ ಕೋಣೆ. ಇದು ಅಡುಗೆಮನೆ. ಕಾರ್ಮಿನೆಗೆ ನಮ್ಮ ಕಣಿವೆಯ ಬಸ್ ಡಿಪೋದಲ್ಲಿ ಮಾತಾಡಿದ್ದೀನಿ, ಈಸ್ಟರ್ ಆದ್ಮೇಲೆ ಸೇರ್ಕೋಬಹುದು. ಮನೆಯಿಂದ ನಡ್ಕೊಂಡೇ ಹೋಗೋವಷ್ಟು ಹತ್ತಿರ."

"ಅವನು... ಏನಂದ ಇದಕ್ಕೆ?"

"ಏನಂತಾನೆ? ಆಗಲಿ ಅಂದ. ನಾನು ಏನು ಹೇಳಿದ್ರೂ ಆಗಲಿ ಅಂತಾನೆ. ಬಂಗಾರದಂಥ ಹುಡುಗ." ಬಾತ್ತಿಸ್ತಾ ಇನ್ನೊಂದು ಚಿತ್ರಕ್ಕೆ ಬೆರಳು ಜಾರಿಸಿದ. ಖಾಲಿ ಕೋಣೆ, ದೊಡ್ಡ ಕಿಟಕಿ, ಕಿಟಕಿಯ ತುಂಬ ಹಿಮದ ಬೆಟ್ಟ. "ಇದು ಯಾರದ್ದು ಹೇಳಿ ನೋಡೋಣ."

"ಮಗುವಿಗಾ?"

"ನಿಮ್ದು, ಬೀಗಿತ್ತಿಯವರೇ. ನೀವಿಲ್ಲಿ ಒಬ್ಬರೇ ಯಾಕಿರ್ಬೇಕು? ಹೊಲಿಗೆಗೆ ಬೆಳಕು ಬೇಕಾಗುತ್ತೆ ಅಂತ ಕಿಟಕಿ ದೊಡ್ಡದಿಟ್ಟಿದ್ದೀನಿ."

ಅಸುಂತಾ ಫೋನನ್ನು ಅವನ ಕಡೆಗೆ ಹಿಂದಕ್ಕೆ ಸರಿಸಿದಳು. ಕಣ್ಣೆದುರು ಕಾರ್ಮಿನೆ ಬಂದ. ಚಿಕ್ಕವನಿದ್ದಾಗಿನಿಂದ ಅವನು ಹಾಗೆಯೇ. ಬೇಡ ಎನ್ನಲು ಬಾಯಿ ಬಾರದವನು. ಅವಳೇನು ಹೇಳಿದರೂ "ಆಗಲಿ ಅಮ್ಮಾ" ಅನ್ನುತ್ತಿದ್ದ, ಆಮೇಲೆ ಒಂದು ದಿನ ಹೇಳದೆ ಕೇಳದೆ ಮಾಯವಾಗುತ್ತಿದ್ದ. ಹದಿನೆಂಟಕ್ಕೆ ಟ್ಯೂರಿನ್ನಿಗೆ ಹೋದದ್ದೂ ಹಾಗೆಯೇ. ಈ ಮನುಷ್ಯ ಪ್ರೀತಿಯಿಂದ ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟ. ಹುಡುಗನಿಗೆ ಒಂದೊಂದು ಇಟ್ಟಿಗೆಗೂ ಉಸಿರು ಕಟ್ಟಿತ್ತು. ಜೊತೆಗೆ ಭಾನುವಾರ ಭಾನುವಾರ ತಾನು ಚುಚ್ಚಿದ್ದು ಬೇರೆ.

ಎರ್ಮಿನಿಯಾ ತಟ್ಟನೆ ಎದ್ದು, "ಕೈ ತೊಳ್ಕೊಂಡು ಬರ್ತೀನಿ" ಎಂದು ಹಿಂದಕ್ಕೆ ಹೋದಳು. ಬಹಳ ಹೊತ್ತಾದರೂ ಬರಲಿಲ್ಲ. ಅಸುಂತಾ ಹುಡುಕಿಕೊಂಡು ಹೋದರೆ, ಅವಳು ಅಡುಗೆಮನೆಯ ಹಿಂದಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು, ಸದ್ದು ಹೊರಗೆ ಕೇಳದಂತೆ ಅಳುತ್ತಿದ್ದಳು.

"ಏನಾಯ್ತು?" ಎಂದಳು ಅಸುಂತಾ. ಕೇಳುವಾಗಲೇ ಉತ್ತರ ಹೊಳೆಯಿತು. "ನಿಮಗೂ ಗೊತ್ತಾ?"

ಎರ್ಮಿನಿಯಾ ನಲ್ಲಿ ನಿಲ್ಲಿಸಿ ಅವಳನ್ನೇ ನೋಡಿದಳು. "ಅಂದ್ರೆ ನಿಮಗೂ... ನಾನು ಬೆಳಗ್ಗೆಯಿಂದ ನಿಮ್ಮ ಮುಖ ನೋಡಿ ಅಯ್ಯೋ ಅಂದ್ಕೋತಿದ್ದೆ. ಪಾಪ, ಮಗ ಏನು ಮಾಡಿದ್ದಾನೆ ಅಂತ ಈ ತಾಯಿಗೆ ಗೊತ್ತಿಲ್ಲ, ಎಷ್ಟು ಆಸೆಯಿಂದ ಓಡಾಡಿಸ್ತಿದ್ದಾಳೆ ಅಂತ. ರಾತ್ರಿ ನಾವು ರೈಲಿನಲ್ಲಿದ್ದಾಗಲೇ ಓರ್ನೆಲಾ ಫೋನು ಮಾಡಿದ್ಲು. ಇವರು ಮಲಗಿದ್ರು."

"ನಂಗೆ ಬೆಳಗ್ಗೆ ಹೇಳ್ದ."

"ಗೊತ್ತಿದ್ರೂ ನಗ್ತಾ ನಗ್ತಾ ಸಂತನ ಕತೆ ಹೇಳಿದ್ರಿ!"

"ನಿಮ್ಮ ಮಗಳೇ ಬೇಡ್ಕೊಂಡಿದ್ಲು."

ಎರ್ಮಿನಿಯಾಳ ಮೆತ್ತನೆಯ ದನಿ ಈಗ ಎಲ್ಲಿಯೂ ಇರಲಿಲ್ಲ. "ನಿಮ್ಮ ಮಗ ಹೇಡಿ ಕಣ್ರೀ."

"ನಿಮ್ಮ ಯಜಮಾನರು ಅವನನ್ನ ಮನೆ ಅಳಿಯ ಮಾಡ್ಕೊಳ್ಳೋಕೆ ಹೊರಟಿದ್ರು. ಮನೆ ಅವರದ್ದು, ಕೆಲಸ ಅವರು ಹೇಳಿದ್ದು, ಕೊನೆಗೆ ಅವನ ತಾಯಿ ಎಲ್ಲಿ ಮಲಗ್ಬೇಕು ಅನ್ನೋದೂ ಅವರೇ! ಅವನನ್ನ ಯಾರಾದ್ರೂ ಕೇಳಿದ್ರಾ?"

"ಪ್ರತಿ ಸಲವೂ ಕೇಳಿದ್ವಿ. ಆಗಲಿ, ಆಗಲಿ, ಆಗಲಿ. ಬೇಡ ಅನ್ನೋಕೆ ಬಾಯಿರ್ಲಿಲ್ವಾ ಅವನಿಗೆ? ಎರಡು ವರ್ಷ ಆ ಮನುಷ್ಯ ಮಂಡಿ ನೋವಿಟ್ಕೊಂಡು ಏಣಿ ಹತ್ತಿ ಇಳಿದ."

ಹೊರಗಿನಿಂದ ಬಾತ್ತಿಸ್ತಾ ಏನೋ ಹೇಳಿದ್ದಕ್ಕೆ ಮೇಜಿನವರೆಲ್ಲ ನಕ್ಕಿದ್ದು ಕೇಳಿಸಿತು.

"ಈಗಲೇ ಹೇಳಿಬಿಡೋಣ," ಎಂದಳು ಅಸುಂತಾ.

"ಬೇಡ. ಮಗಳು ಬರಲಿ. ಅವಳ ಬಾಯಿಂದಲೇ ಕೇಳಲಿ. ಅವಳು ನನ್ನನ್ನ ಕೇಳಿದ್ದು ಅದೊಂದೇ." ಎರ್ಮಿನಿಯಾ ಮುಖ ತೊಳೆದು ಕೋಟಿನ ತೋಳಿನಲ್ಲಿ ಒರೆಸಿಕೊಂಡಳು. "ನಡೀರಿ. ಇನ್ನು ಮೂರು ಗಂಟೆ ತಡೆದ್ರಾಯ್ತು."

ಊಟದ ದುಡ್ಡು ಕೊಡಲು ಬಾತ್ತಿಸ್ತಾ ಜಗಳಕ್ಕೆ ನಿಂತ. ವಿತ್ತೋರಿಯಾ ಸೌಟು ತೋರಿಸಿ ಅವನನ್ನು ಹೊರಗೆ ಓಡಿಸಿದಳು. ಗುಡ್ಡ ಹತ್ತುವ ಪುಟ್ಟ ರೈಲಿನಲ್ಲಿ ಮೂವರೂ ಮೇಲೆ ಹೋದರು. ಸಾನ್ ಮಾರ್ತಿನೋ ಮಠದ ಮುಂದಿನ ಕಟ್ಟೆಯ ಮೇಲೆ ಗಾಳಿ ಕೂದಲು ಕೀಳುವಂತೆ ಬೀಸುತ್ತಿತ್ತು. ಕೆಳಗೆ ಊರೆಲ್ಲ ಹರಡಿಕೊಂಡಿತ್ತು, ಅದರಾಚೆ ಸೀಸದ ಬಣ್ಣದ ಕಡಲು, ಎಡಕ್ಕೆ ನೆತ್ತಿಯ ಮೇಲೆ ಹಿಮ ಹೊತ್ತ ವೆಸೂವಿಯೋ ಜ್ವಾಲಾಮುಖಿ.

"ನಿಮ್ಮ ಬೆಟ್ಟಕ್ಕೂ ಹಿಮ ಬೀಳುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ," ಎಂದ ಬಾತ್ತಿಸ್ತಾ. ಬಹಳ ಹೊತ್ತು ನೋಡಿದ. ಆಮೇಲೆ ಒಳಜೇಬಿನಿಂದ ಪತ್ರಿಕೆಯಲ್ಲಿ ಸುತ್ತಿದ ಎರಡು ಹಂಚಿನ ತುಂಡುಗಳನ್ನು ತೆಗೆದು ಕಟ್ಟೆಯ ಮೇಲಿಟ್ಟ. ಒಂದು ಬೂದಿ ಬಣ್ಣದ್ದು, ಒಂದು ಇಟ್ಟಿಗೆ ಕೆಂಪು. "ನಿಮ್ಮ ಕೋಣೆ ನೆಲಕ್ಕೆ. ಕೆಂಪು ನಿಮಗೆ ಊರಿನ ನೆನಪು ಕೊಡುತ್ತೆ ಅಂತ ಎರ್ಮಿನಿಯಾಗೆ ಹೇಳ್ತಿದ್ದೆ. ನೀವೇ ಹೇಳಿ. ಸೋಮವಾರ ಮೇಸ್ತ್ರಿ ಬರ್ತಾನೆ."

ಅಸುಂತಾ ಹಂಚುಗಳನ್ನು ನೋಡಿದಳು. ಎರ್ಮಿನಿಯಾ ಗಂಡನ ಬೆನ್ನ ಹಿಂದೆ ನಿಂತು ತಲೆಯಾಡಿಸುತ್ತಿದ್ದಳು, ಬೇಡ, ಬೇಡ ಎಂದು. ಯಾವುದೋ ಒಂದು ಬಣ್ಣ ತೋರಿಸಿದರೆ ಸಾಕಿತ್ತು. ಬೆರಳು ಏಳಲಿಲ್ಲ.

"ಮೇಸ್ತ್ರಿಗೆ ಬರಬೇಡ ಅನ್ನಿ," ಎಂದಳು. "ನನ್ನ ಮಗ ಮದುವೆ ಬೇಡ ಅಂದಿದ್ದಾನೆ. ನಿನ್ನೆ ರಾತ್ರಿ ಓರ್ನೆಲಾಗೆ ಹೇಳಿದ್ದಾನೆ. ಅವನು ಬರಲ್ಲ."

ಗಾಳಿಗೆ ಪತ್ರಿಕೆ ಹಾರಿಹೋಯಿತು.

"ನನ್ನ ಮಗಳು ಒಬ್ಬಳೇ ಬರ್ತಿದ್ದಾಳಾ?" ಎಂದ ಬಾತ್ತಿಸ್ತಾ.

"ಹೌದು."

"ಅಷ್ಟು ದೂರ? ಆ ಸಂಕಟ ಒಳಗಿಟ್ಕೊಂಡು ಒಬ್ಬಳೇ?" ಅವನು ಹೆಂಡತಿಯ ಕಡೆ ತಿರುಗಿದ. ಅವಳ ಮುಖದಲ್ಲೇ ಎಲ್ಲ ಇತ್ತು. "ನಿನಗೂ ಗೊತ್ತಿತ್ತು."

"ಬಾತ್ತಿಸ್ತಾ, ಮಗಳು ಕೇಳ್ಕೊಂಡಿದ್ಲು..."

"ಗೊತ್ತಿತ್ತು. ಗೊತ್ತಿಟ್ಕೊಂಡು ನಾನು ಎಲ್ಲರ ಲೋಟಕ್ಕೂ ಲೋಟ ತಾಗಿಸ್ತಿದ್ದಾಗ ಸುಮ್ಮನೆ ಕೂತಿದ್ರಿ. ಇಬ್ಬರೂ. ಕೋಡಂಗಿ ಥರ ಕುಣಿಸಿದ್ರಿ ನನ್ನ." ಅವನು ಕೂಗಲಿಲ್ಲ. ಬೆಳಗ್ಗೆಯಿಂದ ಇದ್ದ ಮಾತಿನ ಉಕ್ಕು ಇಳಿದು, ಒಂದೊಂದೇ ಶಬ್ದ ಕಲ್ಲಿನಂತೆ ಬೀಳುತ್ತಿತ್ತು. ಅಸುಂತಾಳ ಮುಂದೆ ಕೈ ಚಾಚಿದ. "ಫೋನು ಕೊಡಿ. ನನ್ನದಕ್ಕೆ ಅವನು ಎತ್ತಲ್ಲ."

ಅವಳು ಕೊಟ್ಟಳು. ಮೊದಲ ಗಂಟೆಗೇ ಕಾರ್ಮಿನೆ ಎತ್ತಿದ.

"ಅಮ್ಮ ಅಲ್ಲ. ನಾನು," ಎಂದ ಬಾತ್ತಿಸ್ತಾ. ಆಮೇಲೆ ಕೇಳುತ್ತಾ ನಿಂತ. ಕಡಲ ಕಡೆ ಮುಖ ಮಾಡಿ ಕೇಳಿದ. ನಡುವೆ ಒಂದು ಸಲ, "ಆ ಮೇಲಿನ ಮನೆ ಬೇಡ ಅಂತ ಒಂದು ಮಾತು ಹೇಳಿದ್ರೆ ನಾನೇನು ನಿನ್ನ ಹೊಡೀತಿದ್ನಾ?" ಎಂದ. ಮತ್ತೆ ಕೇಳಿದ. ಕೊನೆಗೆ ಫೋನನ್ನು ಅಸುಂತಾಳಿಗೆ ಹಿಂತಿರುಗಿಸಿ, "ಅಳ್ತಿದ್ದಾನೆ. ನೀವೇ ಮಾತಾಡಿ" ಎಂದ. ಅವಳು ಕಿವಿಗಿಡದೆ ಅದನ್ನು ಆರಿಸಿ ಚೀಲಕ್ಕೆ ಹಾಕಿದಳು.

ಇಳಿಯುವಾಗ ರೈಲು ಹಿಡಿಯಲಿಲ್ಲ. ಬಾತ್ತಿಸ್ತಾ ಮೆಟ್ಟಿಲ ದಾರಿಯಲ್ಲಿ ಮುಂದೆ ಮುಂದೆ ನಡೆದ. ಹೆಂಗಸರಿಬ್ಬರೂ ಹಿಂದೆ. ಎರ್ಮಿನಿಯಾ ಒಂದು ಸಲ ಮಾತ್ರ ಬಾಯಿ ಬಿಟ್ಟಳು. "ಮೂರು ಗಂಟೆ ತಡೀಲಿಕ್ಕಾಗಲಿಲ್ಲ ನಿಮಗೆ."

ಸ್ಟೇಷನ್ನಿನಲ್ಲಿ ದೀಪ ಹತ್ತಿಸಿದ್ದರು. ಓರ್ನೆಲಾ ಇಳಿದಳು, ಕೆಂಪು ಟೋಪಿ, ಕೈಯಲ್ಲಿ ಒಂದೇ ಚೀಲ. ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದವಳ ಮುಖ ಅದು. ಅಪ್ಪನನ್ನು ನೋಡಿದ್ದೇ ಅಷ್ಟೂ ಚೆದುರಿತು. ಅವನಿಗೆ ಆಗಲೇ ತಿಳಿದಿದೆ ಎಂದು ಅವಳಿಗೆ ಅರ್ಥವಾಯಿತು. ಅವಳು ಅಮ್ಮನನ್ನು ನೋಡಿದಳು. ಎರ್ಮಿನಿಯಾ ತಲೆ ಅಲ್ಲಾಡಿಸಿದಳು, ನಾನಲ್ಲ ಎಂದು. ಆಗ ಓರ್ನೆಲಾ ಅಸುಂತಾಳ ಕಡೆ ತಿರುಗಿದಳು.

"ನಿಮ್ಮನ್ನ ಒಂದೇ ಒಂದು ಕೇಳಿದ್ದೆ," ಎಂದಳು. "ನಿಮ್ಮ ಮಗ ಮಾತು ಉಳಿಸ್ಕೊಳ್ಳಲಿಲ್ಲ. ನೀವಾದ್ರೂ..."

"ನೆಲದ ಹಂಚು ಆರಿಸು ಅಂದ್ರಮ್ಮ ನಿಮ್ಮಪ್ಪ," ಎಂದಳು ಅಸುಂತಾ. ಹುಡುಗಿಗೆ ಅದು ಅರ್ಥವಾಗುವ ಮಾತಾಗಿರಲಿಲ್ಲ.

ಬಾತ್ತಿಸ್ತಾ ಮಗಳ ಕೈಯಿಂದ ಚೀಲ ತೆಗೆದುಕೊಂಡ. ಅವಳು ಅವನ ಕೋಟಿಗೆ ಹಣೆಯೊತ್ತಿ ನಿಂತಳು. ಮನೆ ಹತ್ತಿರವೇ ಇದೆ, ಚಳಿ, ರಾತ್ರಿ ರೈಲಿನವರೆಗಾದರೂ ಬನ್ನಿ ಎಂದು ಅಸುಂತಾ ಕೇಳಿದಳು. ಯಾರೂ ಬರಲಿಲ್ಲ. ಮೂವರೂ ಕಾಯುವ ಕೋಣೆಯ ಕಡೆ ಹೋದರು. ಅರ್ಧ ದಾರಿಯಲ್ಲಿ ಬಾತ್ತಿಸ್ತಾ ಒಬ್ಬನೇ ಹಿಂತಿರುಗಿ ಬಂದ.

"ಹೇಳಿದ್ದು ಒಳ್ಳೇದಾಯ್ತು, ಅಮ್ಮಾ," ಎಂದ. ಬೀಗಿತ್ತಿ ಎನ್ನಲಿಲ್ಲ. "ಇಲ್ಲದಿದ್ರೆ ನಿಮ್ಮ ಮನೇಲಿ ಕೂತು ಮದುವೆ ದಿನ ಕೇಳ್ತಿದ್ದೆ." ತಿರುಗಿ ಮಗಳಿದ್ದ ಕಡೆ ನಡೆದ.

ಅಸುಂತಾ ನಡೆದೇ ಮನೆಗೆ ಹೋದಳು. ಫೋನು ಹಚ್ಚಿದ ಕೂಡಲೇ ಹೊಡೆದುಕೊಂಡಿತು.

"ಅಮ್ಮಾ, ಅವಳು ಅಳ್ತಿದ್ಲಾ?"

"ನನ್ನನ್ನ ಕೇಳ್ಬೇಡ."

"ನಾನು ಭಾನುವಾರ ಬರ್ಲಾ? ಅಲ್ಲೇ ಇದ್ದುಬಿಡ್ತೀನಿ. ನಿನಗೂ ಅದೇ ಬೇಕಿತ್ತಲ್ಲ."

ಎಷ್ಟು ಭಾನುವಾರ ಈ ಮಾತಿಗಾಗಿ ಅವಳು ಗೋಗರೆದಿರಲಿಲ್ಲ! "ಬಾ," ಎಂದಳು. "ಆದ್ರೆ ಮೊದ್ಲು ಆ ಊರಿಗೆ ಹೋಗು. ಆ ಮನುಷ್ಯನ ಮುಂದೆ ನಿಂತ್ಕೊಂಡು ಫೋನಲ್ಲಿ ಹೇಳಿದ್ದನ್ನ ಇನ್ನೊಂದ್ಸಲ ಹೇಳು. ಬೈದ್ರೆ ಬೈಸ್ಕೋ. ಆಮೇಲೆ ನಿನ್ನಮ್ಮನ ಮನೆಗೆ ಬಾ."

"ಆಗಲಿ ಅಮ್ಮಾ," ಎಂದ ಕಾರ್ಮಿನೆ.

ಅವನ ‘ಆಗಲಿ’ ಎಂಥದ್ದೆಂದು ಅವಳಿಗೆ ಗೊತ್ತಿತ್ತು. ಆ ಭಾನುವಾರ ಅವನು ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಬಂದಾಗ ಏನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಹೊಲಿಯುತ್ತಾ ಕೂತಳು, ಅವನು ಅವಳ ಮುರಿದ ಕಪಾಟಿನ ಬಾಗಿಲು ರಿಪೇರಿ ಮಾಡಿದ.

ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸದ ದಿನಗಳಲ್ಲಿ ಎರ್ಮಿನಿಯಾಳಿಂದ ಒಂದು ಫೋನು ಬಂತು. ನಿಮ್ಮ ಮಗ ಮೊನ್ನೆ ನಮ್ಮೂರಿಗೆ ಬಂದಿದ್ದ, ತಿಳಿದಿರಲಿ ಎಂದು ಹೇಳ್ತಿದ್ದೇನೆ, ಎಂದಳು. ಬಾತ್ತಿಸ್ತಾ ಅವನನ್ನು ಒಳಗೆ ಕರೆಯಲಿಲ್ಲವಂತೆ. ಹಿಮ ಬೀಳುತ್ತಿದ್ದರೂ ಅಂಗಳದಲ್ಲೇ ನಿಲ್ಲಿಸಿ, ಅವನು ಹೇಳಿದ್ದನ್ನೆಲ್ಲ ಕೇಳಿದನಂತೆ. ಕೊನೆಯ ಬಸ್ಸು ಹೋಗಿಬಿಟ್ಟಿತ್ತು. ತನ್ನ ವ್ಯಾನು ತೆಗೆದು ಸ್ಟೇಷನ್ನಿನವರೆಗೆ ಬಿಟ್ಟು ಬಂದ, ದಾರಿಯಲ್ಲಿ ಒಂದು ಮಾತೂ ಆಡಲಿಲ್ಲವಂತೆ.

"ಓರ್ನೆಲಾ?" ಎಂದಳು ಅಸುಂತಾ.

"ಅವತ್ತು ಮನೆಯಲ್ಲೇ ಇದ್ಲು, ಕೆಳಗಿಳಿದು ಬರಲಿಲ್ಲ," ಎಂದಳು ಎರ್ಮಿನಿಯಾ. ಸ್ವಲ್ಪ ತಡೆದು, "ನಿಮಗೆ ಅಲ್ಲಿ ಚಳಿ ಕಡಿಮೆಯಾಗಿರಬೇಕು" ಎಂದಳು.

"ಆಗಿದೆ," ಎಂದಳು ಅಸುಂತಾ.

ಆ ಕಡೆ ಫೋನು ಇಟ್ಟ ಸದ್ದಾಯಿತು.